ಟಾಮಿಗೆ, ಮ್ಯಾಗಿ ಹಾಡಿನ ವಿಚಾರವಾಗಿ

ಲೋ ಟಾಮಿ,

'ಪ್ರೀತಿಯ ಗೆಳೆಯನಿಗೆ' ಎಂದು ಶುರು ಮಾಡೋಣ ಅಂದುಕೊಂಡೆ. ಆಮೇಲೆ ನೀನು ಅದರ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕುತ್ತೀಯ ಎಂದು ನೆನಪಾಯಿತು. ಹೋಗಲಿ, ಹೇಗೂ ಇದನ್ನು ಎಲ್ಲರೂ ಓದುವ ಕಡೆಯೇ ಹಾಕುತ್ತಿದ್ದೇನೆ. ವಾಟ್ಸಾಪಿನಲ್ಲಿ ಬರೆದರೆ ಎರಡು ನೀಲಿ ಗೆರೆ ಮೂಡಿಸಿ ಸುಮ್ಮನಾಗುತ್ತೀಯ. ಫೋನ್ ಮಾಡಿದರೆ 'ಆಮೇಲೆ ಮಾಡ್ತೀನಿ ಮಗಾ' ಅನ್ನುತ್ತೀಯ. ಆ ಆಮೇಲೆ ದಸರಾಕ್ಕೆ ಬರುತ್ತದೆ. ಮೈಸೂರಿಂದ ಬೆಂಗಳೂರು ಈಗ ಒಂದೂವರೆ ಗಂಟೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವವನು ನೀನೇ. ಆ ಒಂದೂವರೆ ಗಂಟೆ ನಿನಗೆ ಸಿಗದೆ ಎಂಟು ತಿಂಗಳಾಯಿತು. ನಾಲ್ಕು ಜನರ ಮುಂದೆ ಬರೆದರೆ ಮರ್ಯಾದೆಗಾದರೂ ಉತ್ತರ ಕೊಡುತ್ತೀಯ ಅಲ್ವಾ?

ನಿನ್ನನ್ನು ಇಲ್ಲಿ ಟಾಮಿ ಎಂದೇ ಕರೆಯುತ್ತೇನೆ, ನಾವು ಆಡುತ್ತಿದ್ದ ವೈಸ್ ಸಿಟಿ ಎಂಬ ಕಂಪ್ಯೂಟರ್ ಆಟದ ನಾಯಕನ ಹೆಸರು. ಹಿಂದಿನ ಮನೆ ಆಂಟಿ ಈಗಲೂ ನನ್ನನ್ನು ಕಂಡರೆ 'ನಿನ್ನ ಫ್ರೆಂಡ್ ಚೆನ್ನಾಗಿದಾನಾ, ಅನ್ನ ಹಾಕ್ತಿದಾರಾ' ಅಂತ ಕೇಳುತ್ತಾರೆ. ಹಾಕ್ತಿದಾರೆ ಆಂಟಿ, ಜಾಸ್ತಿನೇ ಹಾಕ್ತಿದಾರೆ ಅಂದೆ. ಫೋಟೋ ನೋಡಿದೆ ನಿನ್ನದು.

ವಿಷಯಕ್ಕೆ ಬರುತ್ತೇನೆ. ಹೋದ ಭಾನುವಾರ ಅಕ್ಕ, ಅಕ್ಕನ ಮಗ ಬಂದಿದ್ದರು. ಅವನಿಗೆ ಈಗ ಹದಿಮೂರು. ಮೀಸೆಗಿಂತ ಮುಂಚೆ ಅಭಿಪ್ರಾಯಗಳು ಬಂದಿವೆ. ಅಮ್ಮ ಅಕ್ಕಿರೊಟ್ಟಿ ತಟ್ಟುತ್ತಿದ್ದರು. ನಾನು ಸ್ಪೀಕರಿನಲ್ಲಿ ಮೆಟಾಲಿಕಾ ಬ್ಯಾಂಡಿನ ಹಾಡು ಹಾಕಿಕೊಂಡು ಬೀರು ಖಾಲಿ ಮಾಡುತ್ತಿದ್ದೆ. (ಬಟ್ಟೆಯ ಬೀರು. ನಗಬೇಡ.) 'ಮಾಸ್ಟರ್ ಆಫ್ ಪಪೆಟ್ಸ್' ಬಂತು. ಹುಡುಗ ಮೊಬೈಲಿನಿಂದ ತಲೆ ಎತ್ತಿ, "ಮಾಮ, ಇದು ಫೋರ್ಟ್‌ನೈಟ್ ಹಾಡಲ್ವಾ?" ಅಂದ.

2024ರ ಜೂನಿನಲ್ಲಿ ಮೆಟಾಲಿಕಾದವರು ಆ ಆಟದೊಳಗೇ ಒಂದು ಕಛೇರಿ ನಡೆಸಿದ್ದರು. ಇವನು ಅದಕ್ಕೆ 'ಹೋಗಿದ್ದ'. ನಮ್ಮ ಹಾಲಿನ ಸೋಫಾ ಮೇಲೆ ಕೂತುಕೊಂಡೇ.

ನಾನು ಏನು ಹೇಳಬಹುದಿತ್ತು? 'ಹೌದು ಪುಟ್ಟ, ಚೆನ್ನಾಗಿದೆ ಅಲ್ವಾ, ಇನ್ನೊಂದು ಹಾಕ್ಲಾ' ಅನ್ನಬಹುದಿತ್ತು. ಅದು ಬಿಟ್ಟು ಬಟ್ಟೆ ಕೆಳಗಿಟ್ಟು ಪಾಠ ಶುರು ಮಾಡಿದೆ. "ಇದು ಗೇಮ್ ಹಾಡಲ್ಲ ಕಣೋ. 1986ರ ಆಲ್ಬಂ. ಆಗ ನಿಮ್ಮಮ್ಮ ನರ್ಸರಿಗೆ ಹೋಗ್ತಿದ್ಲು. ಸಂಗೀತ ಅಂದ್ರೆ ಹುಡುಕ್ಕೊಂಡು ಹೋಗಿ ಕೇಳ್ಬೇಕು, ಹೀಗೆ ಆಟದ ಜೊತೆ ಫ್ರೀ ಸಿಗೋದಲ್ಲ" ಅಂದೆ. ಹುಡುಗನ ಮುಖ ಸಣ್ಣಗಾಯಿತು.

ಅದು ಯಾರ ಧ್ವನಿ ಎಂದು ನನಗೆ ಆ ಕ್ಷಣಕ್ಕೆ ಗೊತ್ತಾಗಲಿಲ್ಲ. ರೊಟ್ಟಿ ತಿನ್ನುವಾಗ ಗೊತ್ತಾಯಿತು. ಬ್ರಿಗೇಡ್ ರೋಡಿನ ಕ್ಯಾಸೆಟ್ ಅಂಗಡಿಯಲ್ಲಿ ಇದ್ದನಲ್ಲ, ಉದ್ದ ಕೂದಲಿನವನು. ನೀನು ಕೌಂಟರಿನ ಮುಂದೆ ನಿಂತು ಬಹಳ ಗಂಭೀರವಾಗಿ 'ಲವ್ ಫಿಸ್ಟ್ ಹೊಸ ಆಲ್ಬಂ ಇದೆಯಾ' ಎಂದು, ವೈಸ್ ಸಿಟಿಯೊಳಗೆ ಮಾತ್ರ ಇರುವ ಬ್ಯಾಂಡಿನ ಬಗ್ಗೆ, ಕೇಳಿದಾಗ ಒಳಗಿದ್ದವರನ್ನೆಲ್ಲ ಕರೆದು ತೋರಿಸಿದನಲ್ಲ, ಅವನು. ಟಾಮಿ, ನಾನು ಅವನಾಗಿದ್ದೇನೆ. ಕೂದಲು ಮಾತ್ರ ಇಲ್ಲ.

ಯಾಕೆಂದರೆ ನಾನು ಯಾವ ಹುಡುಕಾಟ ಮಾಡಿ ಐರನ್ ಮೇಡನ್ ಎಂಬ ಬ್ಯಾಂಡಿನ ಹತ್ತಿರ ಹೋದೆ ಎಂಬುದು ನಿನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ನಿನ್ನ ಮನೆಯ ಮಧ್ಯದ ಕೋಣೆ, ಹನುಮಂತನಗರ, 2003. ನಿಮ್ಮಪ್ಪ ಪಿಎಫ್ ಸಾಲ ತೆಗೆದು 'ಓದೋಕೆ' ಕೊಡಿಸಿದ ಕಂಪ್ಯೂಟರು. ಪೆಂಟಿಯಂ 3, 128 ಎಂಬಿ ರ‍್ಯಾಮ್. ವೈಸ್ ಸಿಟಿ ಆಡಲು ಕನಿಷ್ಠ ಬೇಕಾಗಿದ್ದೂ 128ಏ. ಅಂದರೆ ನಾವು ಆ ಊರಿನ ಬಾಗಿಲ ಹೊಸ್ತಿಲ ಮೇಲೆ ನಿಂತಿದ್ದೆವು. ಟೇಬಲ್ ಫ್ಯಾನನ್ನು ಸಿಪಿಯು ಕಡೆಗೆ ತಿರುಗಿಸಿ ನಾವಿಬ್ಬರೂ ಬೆವರುತ್ತಾ ಕೂತಿರುತ್ತಿದ್ದೆವು.

ಮೊದಲು ನಮ್ಮ ಕೈಗೆ ಬಂದಿದ್ದು ಮೆಜೆಸ್ಟಿಕ್ ಕಡೆಯ ಯಾವುದೋ ಅಂಗಡಿಯ ಒಂದೇ ಒಂದು ಸೀಡಿ. ಜಾಗ ಉಳಿಸಲು ಯಾರೋ ಪುಣ್ಯಾತ್ಮ ಅದರಿಂದ ರೇಡಿಯೋ ಪೂರ್ತಿ ಕತ್ತರಿಸಿ ಬಿಸಾಕಿದ್ದ. ಕಾರು ಹತ್ತಿದರೆ ಇಂಜಿನ್ನಿನ ಸದ್ದು, ಯಾರನ್ನಾದರೂ ಗುದ್ದಿದರೆ ಬೈಗುಳದ ಸದ್ದು, ಅಷ್ಟೇ. 'ಅಮೆರಿಕ ಇಷ್ಟು ಸೈಲೆಂಟಾ' ಅಂದಿದ್ದೆ ನೀನು. ಆಮೇಲೆ ಆಟದ ಫೋಲ್ಡರಿನಲ್ಲಿ ಎಂಪಿ3 ಎಂಬ ಇನ್ನೊಂದು ಫೋಲ್ಡರ್ ಇರುವುದು ಗೊತ್ತಾಯಿತು. ಅದರಲ್ಲಿ ನಾವು ಯಾವ ಹಾಡು ಹಾಕಿದರೂ ಕಾರಿನ ರೇಡಿಯೋದಲ್ಲಿ ಬರುತ್ತಿತ್ತು. ಮೂರು ತಿಂಗಳು ಆ ಸಮುದ್ರದ ದಂಡೆಯಲ್ಲಿ ಹಂಸಲೇಖ ಹಾಡು ಹಾಕಿಕೊಂಡು ಓಡಾಡಿದವರು ಪ್ರಪಂಚದಲ್ಲಿ ನಾವಿಬ್ಬರೇ ಇರಬೇಕು. ಹೆಲಿಕಾಪ್ಟರಿನಿಂದ ಗುಂಡು ಹಾರುತ್ತಿದ್ದರೆ ಹಿಂದೆ ಡ್ಯುಯೆಟ್ಟು. ಸುಳ್ಳು ಯಾಕೆ ಹೇಳಲಿ, ಬಹಳ ಚೆನ್ನಾಗಿ ಹೊಂದಿಕೆಯಾಗುತ್ತಿತ್ತು.

ಪೂರ್ತಿ ಆಟ, ಎರಡು ಸೀಡಿಯದ್ದು, ಸಿಕ್ಕಿದ್ದು ಆಮೇಲೆ. ಮೊದಲ ಸಲ ಕದ್ದ ಕಾರಿನೊಳಗೆ ಕೂತಾಗ ಬೇರೆ ಯಾರದೋ ರೇಡಿಯೋ ಹಾಡುತ್ತಾ ಇತ್ತು. ಅದೊಂದು ಚೆಂದ ಆ ಆಟದಲ್ಲಿ. ಕಾರು ಕದ್ದರೆ ಅದರ ಓನರ್ ಕೇಳುತ್ತಿದ್ದ ಹಾಡೂ ಜೊತೆಗೆ ಬರುತ್ತದೆ. ಹೀಗೆ ಯಾವುದೋ ಕಾರಿನ ಜೊತೆ ಬಂದಿದ್ದು ವಿ-ರಾಕ್ ಎಂಬ ಸ್ಟೇಷನ್. ಲಾಜ್ಲೋ ಎಂಬ ಡೀಜೆ ವಟವಟ ಅನ್ನುತ್ತಿದ್ದ. ನಮಗೆ ಹತ್ತರಲ್ಲಿ ಎರಡು ಮಾತು ಅರ್ಥವಾದರೆ ಹೆಚ್ಚು. ಅವನು ಬಾಯಿ ಮುಚ್ಚಿದ ಮೇಲೆ ಎರಡು ಗಿಟಾರು ಒಟ್ಟಿಗೆ ಕೆರೆದ ಹಾಗೆ ಶುರುವಾಯಿತು. ನೀನು ಕಾರು ನಿಲ್ಲಿಸಿದೆ. ನೀನು ಆ ಆಟದಲ್ಲಿ ಕಾರು ನಿಲ್ಲಿಸಿದ್ದು ಅದೊಂದೇ ಸಲ.

ಅದು ಐರನ್ ಮೇಡನ್ ಎಂಬುದಾಗಲಿ, ಹಾಡು 'ಟೂ ಮಿನಿಟ್ಸ್ ಟು ಮಿಡ್‌ನೈಟ್' ಎಂಬುದಾಗಲಿ ನಮಗೆ ಯಾರು ಹೇಳಬೇಕು? ಕಿವಿಗೆ ಬಿದ್ದಿದ್ದು 'ಟೂ ಮಿನಿಟ್ಸ್' ಮಾತ್ರ. ನೀನು ಆ ಕ್ಷಣವೇ ಅದಕ್ಕೆ ಮ್ಯಾಗಿ ಹಾಡು ಎಂದು ಹೆಸರಿಟ್ಟೆ. ಇವತ್ತಿಗೂ ನನಗೆ ಅದರ ನಿಜವಾದ ಹೆಸರು ಬಾಯಿಗೆ ಬರುವುದು ಎರಡನೆಯದಾಗಿ.

ಆ ಹಾಡು ಹಿಡಿಯುವುದೇ ಒಂದು ಸಾಹಸ. ಒಂದೊಂದು ಸ್ಟೇಷನ್ನೂ ಒಂದು ಉದ್ದನೆ ಫೈಲು. ನಾವು ಕಾರು ಹತ್ತಲಿ ಇಳಿಯಲಿ, ಅದರ ಪಾಡಿಗೆ ಅದು ಸುತ್ತುತ್ತಾ ಇರುತ್ತದೆ. ಬೇಕಾದ ಹಾಡು ಬೇಕೆಂದಾಗ ಬರುವುದಿಲ್ಲ. ಬಂದಾಗ ಪೊಲೀಸರು ಹಿಂದೆ ಬಿದ್ದಿರುತ್ತಾರೆ. ಕಾರಿಗೆ ಬೆಂಕಿ ಹತ್ತಿಕೊಂಡಿರುತ್ತದೆ, ಇಳಿಯಬೇಕು, ಇಳಿದರೆ ಹಾಡು ಹೋಯಿತು. ಹಾಡು ಮುಗಿಯುವ ತನಕ ಕೂತು ಸುಟ್ಟುಹೋದೆಯಲ್ಲ ಒಂದು ಸಲ. ನಿಮ್ಮಮ್ಮ ಕಾಫಿ ತಂದು ಪರದೆ ನೋಡಿ, 'ಅಯ್ಯೋ, ಇಳಿಯೋಕೆ ಹೇಳೋ ಅವನಿಗೆ' ಅಂದಿದ್ದರು.

ಕೊನೆಗೆ ನೀನು ಆಡಿಯೋ ಫೋಲ್ಡರಿಗೇ ಕೈ ಹಾಕಿದೆ. ಫೈಲುಗಳ ಬಾಲಕ್ಕೆ ಎಡಿಎಫ್ ಎಂದಿತ್ತು, ಯಾವ ಪ್ಲೇಯರೂ ಮುಟ್ಟುತ್ತಿರಲಿಲ್ಲ. ಒಳಗಿದ್ದದ್ದು ಮಾಮೂಲಿ ಎಂಪಿ3. ಪ್ರತಿ ಬೈಟನ್ನೂ 34 ಎಂಬ ಒಂದೇ ಸಂಖ್ಯೆಯ ಜೊತೆ ಎಕ್ಸ್‌ಓಆರ್ ಎಂಬ ಲೆಕ್ಕ ಮಾಡಿ ಮುಚ್ಚಿಟ್ಟಿದ್ದರು, ಅಷ್ಟೇ. ಅದೇ ಸಂಖ್ಯೆ ಹಾಕಿ ಇನ್ನೊಂದು ಸಲ ತಿರುಗಿಸಿದರೆ ಹಾಡು ಬಿಚ್ಚಿಕೊಳ್ಳುತ್ತದೆ. ಡಿಜಿಟಲ್ ಎಲೆಕ್ಟ್ರಾನಿಕ್ಸ್ ಪೇಪರಿನಲ್ಲಿ ಎಕ್ಸ್‌ಓಆರ್ ಗೇಟ್ ಬರೆಯಲಾರದೆ ಫೇಲಾದವನು ನೀನು, ಅದೇ ವಾರ ಅದನ್ನು ಮನೆಯಲ್ಲಿ ಮಾಡಿ ತೋರಿಸಿದೆ. ಇಡೀ ವಿ-ರಾಕ್ ಒಂದು ಕ್ಯಾಸೆಟ್ಟಿಗೆ ಹೋಯಿತು. ಜಾಹೀರಾತು ಸಮೇತ, ಲಾಜ್ಲೋ ಸಮೇತ. ಅದನ್ನು ಎಷ್ಟು ಸಲ ಕೇಳಿದ್ದೇನೆ ಎಂದರೆ, ಆಲ್ಬಮ್ಮಿನ ಹಾಡು ಹಾಕಿದಾಗ ಈಗಲೂ ಕೊನೆಯಲ್ಲಿ ಆ ಡೀಜೆ ಬಾಯಿ ಹಾಕುತ್ತಾನೆ ಎಂದು ಕಾಯುತ್ತೇನೆ. ಹಾಕದಿದ್ದರೆ ಊಟದಲ್ಲಿ ಉಪ್ಪಿನಕಾಯಿ ಮರೆತ ಹಾಗಾಗುತ್ತದೆ.

ಉಳಿದದ್ದೆಲ್ಲ ಆಮೇಲೆ ಕಲಿತಿದ್ದು. ಅದು 1984ರ 'ಪವರ್‌ಸ್ಲೇವ್' ಆಲ್ಬಮ್ಮಿನದು, ಬರೆದವರು ಏಡ್ರಿಯನ್ ಸ್ಮಿತ್ ಮತ್ತು ಬ್ರೂಸ್ ಡಿಕಿನ್ಸನ್ ಎಂದು. ಬ್ಯಾಂಡು ಕಟ್ಟಿದವನು ಬೇಸ್ ಗಿಟಾರ್ ಬಾರಿಸುವ ಸ್ಟೀವ್ ಹ್ಯಾರಿಸ್, ಕಟ್ಟಿದ್ದು 1975ರಲ್ಲಿ, ಲಂಡನ್ನಿನ ಪೂರ್ವದ ಬಡಾವಣೆಯಲ್ಲಿ ಎಂದು. ಅವನು ಪಿಕ್ ಹಿಡಿಯದೆ ಬೆರಳಿನಲ್ಲೇ ಟಗಡ ಟಗಡ ಎಂದು ಕುದುರೆ ಓಡಿಸುತ್ತಾನೆ ಎಂದು. ಹಾಡಿನ ಹೆಸರಿನಲ್ಲಿರುವ ಗಡಿಯಾರ ಅಮೆರಿಕದ ಅಣು ವಿಜ್ಞಾನಿಗಳ ಪತ್ರಿಕೆ 1947ರಲ್ಲಿ ಶುರು ಮಾಡಿದ ಪ್ರಳಯದ ಗಡಿಯಾರ ಎಂದು. ರಾತ್ರಿ ಹನ್ನೆರಡಾದರೆ ಪ್ರಪಂಚ ಮುಗಿಯಿತು ಎಂದು ಲೆಕ್ಕ. 1953ರಲ್ಲಿ, ಹೈಡ್ರೋಜನ್ ಬಾಂಬುಗಳ ಪರೀಕ್ಷೆ ಆದ ಮೇಲೆ, ಅದರ ಮುಳ್ಳನ್ನು ಎರಡು ನಿಮಿಷಕ್ಕೆ ತಂದಿಟ್ಟಿದ್ದರು. ಹಾಡು ಬಂದ ವರ್ಷ ಅದು ಮೂರರಲ್ಲಿತ್ತು. 2025ರಲ್ಲಿ 89 ಸೆಕೆಂಡಿಗೆ ತಂದರು. ಯುದ್ಧದಿಂದ ದುಡ್ಡು ಮಾಡುವವರ ಮೇಲೆ ಬರೆದ ಹಾಡಿಗೆ ನಾವು ಮ್ಯಾಗಿ ಎಂದು ಹೆಸರಿಟ್ಟಿದ್ದೆವು. ಈಗಿನ ಲೆಕ್ಕದಲ್ಲಿ ಮ್ಯಾಗಿ ಬೇಯುವಷ್ಟು ಸಮಯವೂ ಉಳಿದಿಲ್ಲ.

ಬ್ಯಾಂಡಿನ ಹೆಸರು ಗೊತ್ತಾದ ದಿನ ನಾನು ಮನೆಗೆ ಓಡಿ ಬಂದು ಅಮ್ಮನಿಗೆ ಹೇಳಿದ್ದೆ. ಅಮ್ಮ, 'ಐರನ್ ಮಾಡೋನಾ? ಬಂದಿದಾನಾ? ಅಪ್ಪನ ಪಂಚೆನೂ ಕೊಟ್ಟುಬಿಡು' ಅಂದರು. ಈ ಜೋಕನ್ನು ನೀನು ನಿನ್ನದೆಂದು ಹೇಳಿಕೊಂಡು ತಿರುಗುವುದು ನನಗೆ ಗೊತ್ತು. ಇಲ್ಲಿ ಎಲ್ಲರ ಮುಂದೆ ದಾಖಲಿಸುತ್ತಿದ್ದೇನೆ: ಅದು ನಮ್ಮಮ್ಮನದು.

ಪತ್ರ ಇಲ್ಲಿಗೆ ಮುಗಿಯಬೇಕಿತ್ತು. ಹುಡುಗನಿಗೆ ಬೈದೆ, ನಾನೂ ಅದೇ ದಾರಿಯಲ್ಲಿ ಬಂದವನು, ನಾಚಿಕೆಯಾಯಿತು, ನಿನ್ನ ನೆನಪಾಯಿತು. ಇಷ್ಟೇ ಬರೆಯಲು ಕೂತಿದ್ದು. ಆದರೆ ಹುಡುಗ ಇನ್ನೊಂದು ಮಾತು ಕೇಳಿದ, ಅದನ್ನು ಮೇಲೆ ಹಾರಿಸಿದೆ. ಪಾಠ ಮುಗಿದ ಮೇಲೆ ಅವನು, "ಹಾಗಾದ್ರೆ ನೀವು ಲೈವ್ ನೋಡಿದೀರಾ ಮಾಮ?" ಅಂದ. ನೋಡದೇ ಏನು, ಎಲ್ಲಾ ಅರಮನೆ ಮೈದಾನದಲ್ಲೇ, ಮೇಡನ್ 2007, 2009, ಮೆಟಾಲಿಕಾ 2011 ಎಂದು ಬೆರಳು ಮಡಿಸಿದೆ. "2007 ಹೇಗಿತ್ತು?" ಅಂದ. "ಸ್ಟೇಜ್ ಮೇಲೆ ಟ್ಯಾಂಕ್ ಬಂತು ಕಣೋ" ಅಂದೆ.

ಅವನ ಕಣ್ಣು ದೊಡ್ಡದಾಯಿತು. ನಿನ್ನ ಕಣ್ಣೂ ಹಾಗೇ ಆಗಿರಬೇಕು ಆಗ, ಫೋನಿನ ಆ ಕಡೆ.

ಟಾಮಿ, ಆ ಟ್ಯಾಂಕ್ ನಾನು ನೋಡಿಲ್ಲ. ನಾನು ಒಳಗೇ ಹೋಗಲಿಲ್ಲ.

ಬರೆದುಬಿಟ್ಟೆ. ಈಗ ಅಳಿಸಿದರೂ ನೀನು ಹೇಗೋ ಓದುತ್ತೀಯ, ಅದಕ್ಕೇ ಪೂರ್ತಿ ಹೇಳುತ್ತೇನೆ.

2007, ಮಾರ್ಚ್ 17, ಶನಿವಾರ. ಐರನ್ ಮೇಡನ್ ಭಾರತದಲ್ಲಿ ಮೊದಲ ಸಲ ಹಾಡಿದ ದಿನ. ಎರಡು ಟಿಕೆಟ್ಟು ತಿಂಗಳ ಮುಂಚೆ ತೆಗೆದಿದ್ದೆವು. ಅಷ್ಟರಲ್ಲಿ ನಿನ್ನ ಕಂಪನಿಯವರು ಟ್ರೇನಿಂಗ್ ಎಂದು ಹೈದರಾಬಾದಿಗೆ ಹಾಕಿದರು. ನೀನು ಹೊರಡುವ ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಬಸ್ಸಿನ ಕಿಟಕಿಯಿಂದ ನಿನ್ನ ಟಿಕೆಟ್ಟು ಕೈಗಿಟ್ಟು, 'ಮಾರಿಬಿಡು, ದುಡ್ಡು ನೀನೇ ಇಟ್ಕೋ. ಆದ್ರೆ ಒಂದೊಂದು ಹಾಡೂ ಬಿಡದೆ ಹೇಳ್ಬೇಕು' ಅಂದೆ.

ನಾನು ಹೋದೆ. ಅದು ಸುಳ್ಳಲ್ಲ. ಕಪ್ಪು ಟೀಶರ್ಟ್ ಹಾಕಿಕೊಂಡು ಹೋಗಬೇಕು ಎಂದು ಎಲ್ಲರೂ ಹೇಳಿದ್ದರು. ನನ್ನ ಹತ್ತಿರ ಇದ್ದ ಒಂದೇ ಕಪ್ಪು ಟೀಶರ್ಟು ಅಪ್ಪನ ಅಂಗಡಿಗೆ ಬಂದಿದ್ದು. ಬೆನ್ನ ಮೇಲೆ ದೊಡ್ಡದಾಗಿ ಸಿಮೆಂಟ್ ಕಂಪನಿಯ ಹೆಸರು. ಸಾಲಿನಲ್ಲಿ ನನ್ನ ಹಿಂದೆ ಮುಂದೆ ಎಲ್ಲರ ಎದೆಯ ಮೇಲೂ ಎಡ್ಡಿ, ಬ್ಯಾಂಡಿನ ಗುರುತಾದ ಆ ಅಸ್ಥಿಪಂಜರದ ಮುಖ, ಒಬ್ಬೊಬ್ಬರದು ಒಂದೊಂದು ಆಲ್ಬಮ್ಮಿನದು. ನಾನು ಬೆನ್ನನ್ನು ಬ್ಯಾರಿಕೇಡಿಗೆ ಅಂಟಿಸಿಕೊಂಡು ನಿಂತಿದ್ದೆ.

ಅವರ ಮಾತು ಕೇಳುತ್ತಾ ಇದ್ದೆ. ಒಬ್ಬನ ಚಿಕ್ಕಪ್ಪನ ಹತ್ತಿರ ಎಲ್ಪಿಗಳಿದ್ದವಂತೆ. ಇನ್ನೊಬ್ಬನಿಗೆ ಅಮೆರಿಕದ ಕಸಿನ್ ಟೇಪು ಕಳಿಸುತ್ತಿದ್ದನಂತೆ. ಮತ್ತೊಬ್ಬ ಪೆಕೋಸ್ ಪಬ್ಬಿನಲ್ಲಿ ಮೊದಲ ಸಲ ಕೇಳಿದ್ದಂತೆ. ಎಲ್ಲರಿಗೂ ಒಂದು ವಂಶಾವಳಿ ಇತ್ತು. ನಿನಗೆ ಗೊತ್ತಲ್ಲ, ಆಗ ಈ ಊರಿನಲ್ಲಿ ರಾಕ್ ಅಂದರೆ ಕಂಟೋನ್ಮೆಂಟ್ ಕಡೆಯ ಆಸ್ತಿ ಎಂದು ನಾವು ಅಂದುಕೊಂಡಿದ್ದೆವು. ಮಾರ್ಕೆಟ್ಟಿನಲ್ಲಿ ಬಸ್ ಬದಲಾಯಿಸಿ ಅಲ್ಲಿಗೆ ಹೋಗುವ ನಮ್ಮಂಥವರು ನೆಂಟರ ಮನೆಗೆ ಹೋದ ಹಾಗೆ, ಕಾಲು ಮಡಚಿ ಕೂರಬೇಕು. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ, ಮನೆಯಲ್ಲಿ ಸುಪ್ರಭಾತ, ಗಣೇಶನ ಹಬ್ಬಕ್ಕೆ ಆರ್ಕೆಸ್ಟ್ರಾ. ಮೇಡನ್ ನಮ್ಮ ಬೀದಿಗೆ ಬರಲು ಬೇರೆ ದಾರಿ ಎಲ್ಲಿತ್ತು? ಕದ್ದ ಆಟದೊಳಗಿನ ಕದ್ದ ಕಾರಿನಲ್ಲಿ ಕೂತುಕೊಂಡೇ ಬರಬೇಕಿತ್ತು.

ಆಗ ಎಲ್ಪಿ ಚಿಕ್ಕಪ್ಪನವನು ನನ್ನ ಕಡೆ ತಿರುಗಿ, ಬಹಳ ಸ್ನೇಹದಿಂದಲೇ, ಇಂಗ್ಲಿಷಿನಲ್ಲಿ ಕೇಳಿದ. ನೀನು ಯಾವ ಆಲ್ಬಮ್ಮಿಂದ ಶುರು ಮಾಡಿದೆ ಅಂತ.

ನಾನು 'ವೈಸ್ ಸಿಟಿ' ಅಂದೆ.

ಬಾಯಿಂದ ಬಂದುಬಿಟ್ಟಿತು. ಪವರ್‌ಸ್ಲೇವ್ ಎನ್ನಬಹುದಿತ್ತು. ಆ ಹೊತ್ತಿಗೆ ನನಗೆ ಎಲ್ಲಾ ಆಲ್ಬಮ್ಮಿನ ಹೆಸರು, ವರ್ಷ ಬಾಯಿಪಾಠ. ರಾತ್ರಿ ಕೂತು ಉರು ಹೊಡೆದಿದ್ದೆ, ಎಸ್ಸೆಸ್ಸೆಲ್ಸಿಗೂ ಹಾಗೆ ಓದಿಲ್ಲ. ಆದರೂ ನಿಜ ಬಂತು. ಅವರು ನಕ್ಕರು. ಒಬ್ಬ ಬೆನ್ನು ತಟ್ಟಿದ, ಸರಿಯಾಗಿ ಸಿಮೆಂಟಿನ ಮೇಲೆ. 'ನೀರು ತರ್ತೀನಿ' ಎಂದು ಹೇಳಿ ಸಾಲಿನಿಂದ ಹೊರಗೆ ಬಂದೆ. ಗೇಟಿನ ಹತ್ತಿರ ಇಬ್ಬರು ಹುಡುಗರು ಟಿಕೆಟ್ ಕೇಳುತ್ತಿದ್ದರು. ಎರಡೂ ಕೊಟ್ಟುಬಿಟ್ಟೆ. ಹೌದು, ಕೊಂಡಿದ್ದಕ್ಕಿಂತ ಜಾಸ್ತಿಗೆ.

ಮನೆಗೆ ಹೋಗಬೇಕಿತ್ತು, ಹೋಗಲಿಲ್ಲ. ಜಯಮಹಲ್ ರಸ್ತೆಯಲ್ಲಿ ಒಂದು ಎಳನೀರು ಗಾಡಿ ಪಕ್ಕ ನಿಂತೆ. ಕತ್ತಲಾಯಿತು. ಗೋಡೆಯ ಆ ಕಡೆಯಿಂದ ಮೊದಲು ಜನರ ಕೂಗು ಬಂತು, ಆಮೇಲೆ ಬೇಸು. ಗಿಟಾರು ಕೇಳಿಸುತ್ತಿರಲಿಲ್ಲ, ದನಿಯೂ ಇಲ್ಲ. ಟಗಡ ಟಗಡ ಮಾತ್ರ, ಅಂಗಾಲಿನಿಂದ ಹತ್ತುವ ಹಾಗೆ. ರೇಡಿಯೋ ಕತ್ತರಿಸಿದ ಸೀಡಿಯ ಹಾಗೆ, ಉಲ್ಟಾ. ಎಳನೀರಿನವರು, "ಒಳಗೆ ಏನ್ ಸಾರ್, ಮದುವೆನಾ?" ಅಂದರು. ಅರಮನೆ ಮೈದಾನ ಅಲ್ವಾ, ಅವರ ತಪ್ಪಿಲ್ಲ. "ಹೂಂ" ಅಂದೆ. "ಬ್ಯಾಂಡ್‌ಸೆಟ್ ಜೋರಾಗಿದೆ" ಅಂದರು. "ಗಂಡಿನ ಕಡೆಯವರು ದುಡ್ಡಿದ್ದೋರು" ಅಂದೆ. ಅವರು ಸುಮ್ನೆ ಇನ್ನೊಂದು ಎಳನೀರು ಕೆತ್ತಿಕೊಟ್ಟರು. ಗಂಜಿ ತೆಗೆದುಕೊಟ್ಟರು. ಆ ಬ್ಯಾಂಡಿನ ಮೊದಲ ಕಛೇರಿ ನಾನು ನೋಡಿದ್ದು ಇಷ್ಟು.

ಮಾರನೇ ದಿನ ನಿನ್ನ ಫೋನ್ ಬಂತು. 'ಹೇಳೋ, ಹೇಳೋ' ಅಂದೆ. ಹೋಗಲಿಲ್ಲ ಎನ್ನಲು ಬಾಯಿ ತೆಗೆದೆ. ನೀನು 'ಮ್ಯಾಗಿ ಹಾಡಿದ್ರಾ?' ಅಂದೆ. ಆ ದನಿಯಲ್ಲಿ ಎಷ್ಟು ಆಸೆ ಇತ್ತೆಂದರೆ, ಹಾಡಿದ್ರು ಅಂದೆ. ಆಮೇಲೆ ನಿಲ್ಲಲಿಲ್ಲ. ಪೇಪರಿನಲ್ಲಿ ಓದಿದ್ದು, ಯಾಹೂ ಗ್ರೂಪಿನಲ್ಲಿ ಯಾರೋ ಬರೆದದ್ದು, ಎಲ್ಲಾ ಸೇರಿಸಿ ನಲವತ್ತು ನಿಮಿಷ. ಆಗಿನ ಹೊಸ ಆಲ್ಬಮ್ಮಿನ ಮುಖಪುಟದ ಮೇಲೆ ಒಂದು ಟ್ಯಾಂಕು ಇತ್ತಲ್ಲ, ಅದನ್ನು ತಂದು ಸ್ಟೇಜಿಗೆ ಹತ್ತಿಸಿದೆ. ನೀನು ನಮ್ಮ ಆಟದಲ್ಲಿ ಟ್ಯಾಂಕು ತರಿಸುವ ಚೀಟ್ ಕೋಡನ್ನೇ, 'ಪ್ಯಾಂಜರ್!' ಎಂದು ಕಿರುಚಿದೆ. ಪಿಜಿಯಲ್ಲಿ ಮಲಗಿದ್ದವರೆಲ್ಲ ಎದ್ದರು ಎಂದು ಆಮೇಲೆ ಹೇಳಿದೆ. ಇಬ್ಬರೂ ಎಷ್ಟು ನಕ್ಕೆವು. ಅದು ನಿಜ, ಆ ನಗು.

ಸುಳ್ಳು ಅಲ್ಲಿಗೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನೀನು ನನ್ನ ಟ್ಯಾಂಕನ್ನು ಊರೆಲ್ಲಾ ಓಡಿಸಿದೆ. ನಿನ್ನ ಮದುವೆಯ ರಿಸೆಪ್ಷನ್ನಿನಲ್ಲಿ ಮಾವನವರಿಗೆ ನನ್ನನ್ನು ಪರಿಚಯಿಸಿದ್ದೇ 'ಟ್ಯಾಂಕ್ ನೋಡಿದವನು' ಎಂದು. ಅವರು ನನ್ನನ್ನು ಮಿಲಿಟರಿಯವನು ಅಂದುಕೊಂಡು ಎರಡು ಹೋಳಿಗೆ ಜಾಸ್ತಿ ಹಾಕಿಸಿದರು.

ಮತ್ತೆ 2009. ಇದನ್ನು ಬರೆಯುವುದು ಬೇಡ ಅಂದುಕೊಂಡೇ ಇದ್ದೆ. ಫೆಬ್ರವರಿ 15, ಭಾನುವಾರ, ಅದೇ ಮೈದಾನ. ಈ ಸಲ ನೀನೂ ಇದ್ದೆ. ಅವರು ಹೆಚ್ಚಾಗಿ ಎಂಬತ್ತರ ದಶಕದ ಹಾಡುಗಳನ್ನೇ ಹಾಡುತ್ತಿದ್ದ ಪ್ರವಾಸ ಅದು, ಅಂದರೆ ನಮಗೆಂದೇ ಮಾಡಿದ್ದು. ಯುಎಫ್ಓ ಎಂಬ ಬೇರೆ ಬ್ಯಾಂಡಿನ 'ಡಾಕ್ಟರ್ ಡಾಕ್ಟರ್' ಹಾಡು ಸ್ಪೀಕರಿನಲ್ಲಿ ಶುರುವಾಯಿತು. ಅದು ಬಂದರೆ ಇನ್ನೇನು ಬಂದರು ಎಂದು ಅರ್ಥ, ಅಲ್ಲಿದ್ದವರಿಗೆಲ್ಲ ಗೊತ್ತು. ಆಮೇಲೆ ಚರ್ಚಿಲ್ ಭಾಷಣ. ಆಮೇಲೆ ಅವರು. ನೀನು ನನ್ನ ತೋಳು ಹಿಡಿದುಕೊಂಡೆ, ಉಗುರು ಊರುವ ಹಾಗೆ. ಮ್ಯಾಗಿ ಬಂದಾಗ ತಿರುಗಿ ನೋಡಿದರೆ ನಿನ್ನ ಕಣ್ಣಲ್ಲಿ ನೀರು. ಬಾಯಿ ಕಿರುಚುತ್ತಾ ಇದೆ, ಕಣ್ಣಿನಿಂದ ಸುರಿಯುತ್ತಾ ಇದೆ.

ನಾನು ಏನು ಮಾಡುತ್ತಿದ್ದೆ ಗೊತ್ತಾ? ನಾನು ಹಳಬನ ಹಾಗೆ ನಿಂತಿದ್ದೆ. ಕೈ ಕಟ್ಟಿಕೊಂಡು, ತಲೆ ಸ್ವಲ್ಪ ಆಡಿಸುತ್ತಾ. ನನಗೂ ಅದೇ ಮೊದಲ ಸಲ. ನನಗೂ ಗಂಟಲು ಕಟ್ಟಿತ್ತು, ಕಾಲು ನಡುಗುತ್ತಿತ್ತು. ಆದರೆ ಎರಡನೇ ಸಲ ನೋಡುವವನು ಹಾಗೆಲ್ಲ ಅಳಬಾರದಲ್ಲ. ನಿನ್ನ ಕಿವಿಯಲ್ಲಿ ಕೂಗಿ ಹೇಳಿದೆ, 'ಹೋದ ಸಲ ಇನ್ನೂ ಚೆನ್ನಾಗಿತ್ತು' ಅಂತ. ನೀನು ಒಂದು ಕ್ಷಣ ನನ್ನ ಮುಖ ನೋಡಿದೆ. ನಿನ್ನ ಸಂತೋಷದಲ್ಲಿ ಒಂದು ಚೂರು ಅಲ್ಲೇ ಕಡಿಮೆಯಾಯಿತು. ನಾನೇ ನೋಡಿದೆ ಅದು ಕಡಿಮೆಯಾಗಿದ್ದನ್ನು. ಭಾನುವಾರ ಹುಡುಗನ ಮುಖ ಸಣ್ಣಗಾಯಿತು ಅಂದೆನಲ್ಲ. ಆ ಮುಖ ನಾನು ಮುಂಚೆ ನೋಡಿದ್ದೆ, ಅದಕ್ಕೇ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

2025ರಲ್ಲಿ ಬ್ಯಾಂಡಿಗೆ 50 ತುಂಬಿತು. ಡ್ರಮ್ಮಿನ ನಿಕೋ ಮೆಕ್‌ಬ್ರೇನ್ ಅದಕ್ಕೂ ಮುಂಚೆ, 2024ರ ಡಿಸೆಂಬರಿನಲ್ಲೇ, ಇನ್ನು ಊರೂರು ಸುತ್ತಲಾರೆ ಎಂದುಬಿಟ್ಟ. ಆ ಆರು ಜನರನ್ನು ಒಟ್ಟಿಗೆ, ಮೊದಲ ಸಲ, ಬಾಯಿ ಬಿಟ್ಟುಕೊಂಡು ನೋಡುವುದು ಇನ್ನು ನನಗಿಲ್ಲ. ಇತ್ತು, ನಾನೇ ಕೈ ಕಟ್ಟಿಕೊಂಡು ನಿಂತೆ.

ಸಾಕು. ಬಹಳ ಆಯಿತು. ನನ್ನ ಹೆಂಡತಿ ಇದನ್ನು ಓದಿ, 'ಇಷ್ಟಕ್ಕೆ ಇಷ್ಟೊಂದಾ? ನೀವು ಸೈಟಿನ ವಿಚಾರ ಏನೋ ಮುಚ್ಚಿಟ್ಟಿದೀರಿ ಅಂದುಕೊಂಡೆ' ಅಂದಳು.

ಇನ್ನೊಂದು ವಿಷಯ, ಆ ಸಾಲಿನವರದ್ದು. ಈಚೆಗೆ ಗೊತ್ತಾಗಿದ್ದು: 1998ರಲ್ಲೇ 'ಕಾರ್ಮಗೆಡ್ಡಾನ್ 2' ಆಟದಲ್ಲಿ ಮೇಡನ್ ಹಾಡುಗಳಿದ್ದವು. ವೈಸ್ ಸಿಟಿ ಬಂದ 2002ರಲ್ಲೇ 'ಟೋನಿ ಹಾಕ್ಸ್ ಪ್ರೋ ಸ್ಕೇಟರ್ 4' ಬಂತು, ಅದರಲ್ಲೂ ಒಂದಿತ್ತು. 1999ರಲ್ಲಿ ಬ್ಯಾಂಡಿನವರೇ 'ಎಡ್ ಹಂಟರ್' ಎಂದು ಒಂದು ಆಟ ಬಿಟ್ಟಿದ್ದರು. ಎಡ್ಡಿಯೇ ನಾಯಕನಾದ 'ಲೆಗಸಿ ಆಫ್ ದಿ ಬೀಸ್ಟ್' ಎಂಬ ಇನ್ನೊಂದು ಮೊಬೈಲ್ ಆಟ 2016ರಲ್ಲಿ ಬಂತು, 2018ರ ಪ್ರವಾಸಕ್ಕೆ ಅದರದೇ ಹೆಸರು. ಅಂದರೆ ಅವತ್ತು ನನ್ನ ಬೆನ್ನು ತಟ್ಟಿದವನು ಗೇಲಿಗೇ ತಟ್ಟಿದ ಎಂದು ನಾನು ಯಾಕೆ ಅಂದುಕೊಂಡೆ? 'ನಾನೂ' ಎಂದು ಹೇಳಲು ಬಂದಿದ್ದನೋ ಏನೋ. ನಾನು ನೀರು ತರಲು ಹೋಗಿದ್ದೆ.

ಟಿಕೆಟ್ಟಿನ ದುಡ್ಡಿನ ವಿಚಾರ. ಆಫೀಸಿನವರು ಕೊಟ್ಟರು ಎಂದು ನಿನಗೆ ತೋರಿಸಿದ್ದೆನಲ್ಲ, 512 ಎಂಬಿ ರ‍್ಯಾಮು, ಅದು ಎಸ್.ಪಿ. ರೋಡಿನಲ್ಲಿ ಕೊಂಡಿದ್ದು. ಆ ರ‍್ಯಾಮಿನ ಮೇಲೆ ನೀನು ಮೂರು ವರ್ಷ ನಮ್ಮ ಮನೆಗೆ ಬಂದು ಆಟ ಆಡಿದ್ದೀಯ. ಹಾಗಾಗಿ ಅರ್ಧ ಲೆಕ್ಕ ಚುಕ್ತಾ. ಉಳಿದರ್ಧ ಯುಪಿಐ ಮಾಡುತ್ತೇನೆ, ಬಡ್ಡಿ ಕೇಳಬೇಡ. ಕೇಳಿದರೆ ನಾನು, ಆಟದಲ್ಲಿ ಪೊಲೀಸರಿಂದ ತಪ್ಪಿಸಿಕೊಳ್ಳಲು ಒತ್ತುತ್ತಿದ್ದ ಹಾಗೆ, 'ಲೀವ್ ಮೀ ಅಲೋನ್' ಎಂದು ಟೈಪ್ ಮಾಡಿ ತಪ್ಪಿಸಿಕೊಳ್ಳುತ್ತೇನೆ.

ಹುಡುಗನ ಹತ್ತಿರ ಕ್ಷಮೆ ಕೇಳಿದೆನಾ? ಇಲ್ಲ. ಮಾಮಂದಿರು ಹಾಗೆಲ್ಲ ಕೇಳುವುದಿಲ್ಲ. ಅದರ ಬದಲು ನನ್ನ ಹಳೇ ಲ್ಯಾಪ್‌ಟಾಪಿಗೆ ವೈಸ್ ಸಿಟಿ ಹಾಕಿಕೊಟ್ಟೆ. ಗ್ರಾಫಿಕ್ಸ್ ನೋಡಿ ಐದು ನಿಮಿಷ ನಕ್ಕ. 'ಇವರ ಕೈಗೆ ಬೆರಳೇ ಇಲ್ಲ ಮಾಮ' ಅಂದ. ವಿ-ರಾಕ್ ಹಾಕಿಸಿದೆ, ಮ್ಯಾಗಿ ಬರುವ ತನಕ ಇಬ್ಬರೂ ಕಾರಿನಲ್ಲಿ ಕೂತಿದ್ದೆವು. ಬಂತು. 'ಪರವಾಗಿಲ್ಲ' ಅಂದ. ಹದಿಮೂರರವರಿಂದ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ಆಮೇಲೆ ನಾನು ಕಾಫಿಗೆ ಎದ್ದು ಹೋದಾಗ ಎಲ್ಲಿಂದಲೋ ಚೀಟ್ ಕೋಡ್ ಹುಡುಕಿ ಪ್ಯಾಂಜರ್ ಒತ್ತಿದ್ದಾನೆ. ಆಕಾಶದಿಂದ ಟ್ಯಾಂಕು ದೊಪ್ಪೆಂದು ಬಿತ್ತು.

"ಮಾಮ," ಅಂದ, ಪರದೆಯಿಂದ ಕಣ್ಣು ತೆಗೆಯದೆ, "2007ರಲ್ಲಿ ನೀವು ನೋಡಿದ ಟ್ಯಾಂಕ್ ಇದೇನಾ?"

ಕಾಫಿ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ. "ಹೂಂ. ಇದೇ" ಅಂದೆ.

ಬೇಗ ಫೋನ್ ಮಾಡು. ಬೈಯೋಕಾದರೂ ಮಾಡು.

ಇಂತಿ ನಿನ್ನ,
ಲಾನ್ಸ್

(ಆಟದ ಕೊನೇ ಮಿಷನ್ನಿನಲ್ಲಿ ಗೆಳೆಯ ಲಾನ್ಸ್ ಟಾಮಿಗೆ ದ್ರೋಹ ಮಾಡುವುದು ನೆನಪಿದ್ದರೆ ಈ ಹೆಸರು ನನಗೆ ಯಾಕೆ ಬಂತು ಎಂದು ಈಗ ನಗುತ್ತೀಯ. ಅವತ್ತು ನಾಣ್ಯ ಚಿಮ್ಮಿದವನು ನೀನೇ ಕಣೋ.)